ಕೂಲಿ ಪಡೆಯದವನಿಗೂ ಲೆಕ್ಕವಿದೆ

ಹೇಮಾವತಿ ನದಿ ಹುಟ್ಟುವುದು ನಮ್ಮ ಜಾವಳಿಯಲ್ಲಿ. ಬಲ್ಲಾಳರಾಯನ ದುರ್ಗದ ಬೆಟ್ಟಸಾಲು ಇಲ್ಲಿಗೆ ದೂರವೇನೂ ಅಲ್ಲ. ಒಂದು ಕಾಲದಲ್ಲಿ ಈ ಕಡೆಗೆ ಬರುತ್ತಿದ್ದವರು ತೋಟದ ಕೆಲಸಗಾರರು, ಕಾಫಿ ಮತ್ತು ಕಾಳುಮೆಣಸಿನ ವ್ಯಾಪಾರಿಗಳು, ಕಳಸ-ಹೊರನಾಡಿಗೆ ಹೋಗುವ ಯಾತ್ರಿಕರು. ಈಗ ರಜಾದಿನಗಳಲ್ಲಿ ದುರ್ಗದ ಕಡೆಗೂ ರಾಣಿ ಝರಿಯ ಕಡೆಗೂ ವಾಹನಗಳ ಸಾಲು ಕಾಣುತ್ತದೆ. ಬಂದವರಲ್ಲಿ ಅನೇಕರು ಹೊಸ ಉಡುಪು ತೊಟ್ಟು, ಮಂಜಿನ ಮುಂದೆ ನಿಂತು, ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆ. ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿ ನಿಂತಾಗಲಂತೂ ಕೇಳುವುದೇ ಬೇಡ.

ಹೀಗೆ ಫೋಟೋ ತೆಗೆಯುವವರಲ್ಲಿ ಎರಡು ವರ್ಗದವರಿದ್ದಾರೆ. ಮೊದಲನೆಯವರು ವೃತ್ತಿಪರರು. ಅವರು ಉಡುಪಿನ ಅಂಗಡಿಯವರಿಂದಲೋ ಮದುವೆಯ ಮನೆಯವರಿಂದಲೋ ಹಣ ಪಡೆದು, ದೀಪ, ಸಹಾಯಕರು, ಮಾಡೆಲ್‌ಗಳೊಂದಿಗೆ ಬರುತ್ತಾರೆ. ಎರಡನೆಯವರು ಹವ್ಯಾಸಿಗಳು. ಗೆಳೆಯನಿಗೋ ತಂಗಿಗೋ ಹೊಸ ಉಡುಪು ತೊಡಿಸಿ, ಬಗೆಬಗೆಯಾಗಿ ನಿಲ್ಲಿಸಿ, ಚಿತ್ರ ತೆಗೆದು, ಸಮಾನಾಸಕ್ತರು ಸೇರುವ ಅಂತರ್ಜಾಲದ ಕೂಟಗಳಲ್ಲಿ ಹಂಚಿಕೊಳ್ಳುತ್ತಾರೆ. ನಮ್ಮ ಮುಸ್ಲಿಮ್ ಮನೆಗಳ ಯುವಕ ಯುವತಿಯರೂ ಇದರಿಂದ ಹೊರತಾಗಿಲ್ಲ. ಮದುವೆಯ ಶೇರ್‌ವಾನಿ, ಕಸೂತಿಯ ಬುರ್ಖಾ, ಮದರಂಗಿ ರಾತ್ರಿಯ ಲಂಗ ಎಲ್ಲವೂ ಇಂದು ಫ್ಯಾಶನ್ ಫೋಟೋಗ್ರಫಿಯ ವಸ್ತುಗಳಾಗಿವೆ.

ಕೆಲವು ವರ್ಷಗಳ ಹಿಂದೆ ನನ್ನ ಬಳಿ ಮದ್ರಸಾದಲ್ಲಿ ಕಲಿತಿದ್ದ ಯುವಕನೊಬ್ಬ ಅಸರ್ ನಮಾಝಿಗೆ ಮುಂಚೆ ಬಂದು ಒಂದು ಪ್ರಶ್ನೆ ಕೇಳಿದ. “ಉಸ್ತಾದ್, ನಾನು ಯಾರ ಹತ್ತಿರವೂ ಒಂದು ರೂಪಾಯಿ ತಗೊಳ್ಳೋದಿಲ್ಲ. ಬರೀ ಹವ್ಯಾಸಕ್ಕೆ ಫೋಟೋ ತೆಗೆಯೋದು. ಸ್ಟುಡಿಯೋ ಇಟ್ಟು ಅದರಲ್ಲೇ ಅನ್ನ ತಿನ್ನುವವರಿಗೆ ಹೇಳುವ ಮಾತು ನನಗೂ ಅನ್ವಯ ಆಗ್ತದಾ?”

ಬಾಂಗ್ ಕೊಡುವ ಹೊತ್ತಾಗಿತ್ತು. “ದುಡ್ಡಿಗಾಗಿ ಅಲ್ಲವಲ್ಲ, ಮಿತಿಯಲ್ಲಿದ್ದರೆ ಸಾಕು” ಎಂದು ಹೇಳಿ ಒಳಗೆ ಹೋದೆ. ಆ ಉತ್ತರ ತಪ್ಪಾಗಿತ್ತು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಎರಡು ಮನೆಗಳ ಮಾತು

ಅದೇ ಯುವಕ ತನ್ನ ಅಕ್ಕನ ಮದರಂಗಿ ರಾತ್ರಿಯಲ್ಲಿ ತಂಗಿಯ ಚಿತ್ರವೊಂದನ್ನು ತೆಗೆದ. ಮನೆಯ ಒಳಕೋಣೆ, ಹೆಂಗಸರು ಮಾತ್ರ ಇದ್ದ ಕೂಟ. ಅವನು ಬಾಗಿಲಲ್ಲಿ ನಿಂತು ಕರೆದಾಗ ಆಕೆ ತಿರುಗಿ ನೋಡಿ ನಕ್ಕಿದ್ದಳು. ಚಿತ್ರ ನಿಜಕ್ಕೂ ಸುಂದರವಾಗಿತ್ತಂತೆ. ಅವನು ಅದನ್ನು ಹಂಚಿಕೊಂಡ. ಮೆಚ್ಚುಗೆ ಬಂದವು. ಕೆಲವೇ ದಿನಗಳಲ್ಲಿ ಆ ಚಿತ್ರ ದೂರದ ಊರಿನ ಯಾವುದೋ ಉಡುಪಿನ ಅಂಗಡಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ ಅದು ಎಲ್ಲೆಲ್ಲಿಗೆ ಹೋಯಿತೆಂಬುದು ಯಾರಿಗೂ ತಿಳಿಯದು. ಕಾಲೇಜಿನಲ್ಲಿ ಹುಡುಗರು ಅದನ್ನು ತೋರಿಸಿಕೊಂಡು ನಕ್ಕರೆಂದು ಆ ಹುಡುಗಿ ವಾರಗಟ್ಟಲೆ ಮನೆಯಿಂದ ಹೊರಗೆ ಕಾಲಿಡಲಿಲ್ಲ.

ಅವಳ ತಾಯಿ ನಮ್ಮ ಮನೆಗೆ ಬಂದು ನನ್ನ ಪತ್ನಿಯೊಡನೆ ಕುಳಿತು ಅತ್ತರು. ಮಗನನ್ನು ಕೇಳಿದರೆ, “ನನ್ನ ಸ್ವಂತ ತಂಗಿ, ನಾನು ಯಾರನ್ನು ಕೇಳಬೇಕು? ದುಡ್ಡಿಗೆ ಮಾರಿದ್ದೇನಾ? ಉಸ್ತಾದರೂ ಅಡ್ಡಿಯಿಲ್ಲ ಅಂದಿದ್ದಾರೆ” ಎನ್ನುತ್ತಾನಂತೆ. ಹೊರಗಿನ ಕೋಣೆಯಲ್ಲಿದ್ದ ನನಗೆ ಆ ಮಾತು ಕೇಳಿಸಿತು.

ಆಗ ನನಗೆ ನೆನಪಾದವರು ನಮ್ಮ ಕಡೆಯವರೆಲ್ಲ ‘ಸ್ಟುಡಿಯೋ ಕಾಕ’ ಎಂದು ಕರೆಯುವ ಹಿರಿಯರು. ರೋಲಿನ ಕಾಲದಲ್ಲಿ ಅವರು ಈ ಬೆಟ್ಟದ ಊರುಗಳ ಮದುವೆಗಳಿಗೆಲ್ಲ ಕ್ಯಾಮರಾ ಹೊತ್ತು ಹೋದವರು. ಅವರ ದುಡಿಮೆಯ ಬಗ್ಗೆ ಮಸೀದಿಯ ಜಗಲಿಯಲ್ಲಿ ಹಗುರವಾಗಿ ಮಾತನಾಡಿದವರು ಬಹಳ ಮಂದಿ. ಅವರಲ್ಲಿ ಅನೇಕರು ಹಜ್ಜ್‌ಗೆ ಹೊರಟಾಗ ಪಾಸ್‌ಪೋರ್ಟಿನ ಫೋಟೋ ತೆಗೆಸಿಕೊಂಡದ್ದೂ ಅವರಿಂದಲೇ. ಆ ಕಾಕ ಒಂದು ರೂಢಿ ಇಟ್ಟುಕೊಂಡಿದ್ದರು. ಮದುವೆಯ ಆಲ್ಬಮ್‌ನೊಂದಿಗೆ ನೆಗೆಟಿವ್‌ಗಳನ್ನೂ ಲಕೋಟೆಗೆ ಹಾಕಿ ಮನೆಯವರ ಕೈಗೆ ಒಪ್ಪಿಸಿಬಿಡುತ್ತಿದ್ದರು. ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಮಕ್ಕಳ ಚಿತ್ರ, ಮುದುಕರ ಚಿತ್ರ ಇರುತ್ತಿದ್ದವು. ಯಾವ ಮನೆಯ ಹೆಣ್ಣುಮಗಳ ಚಿತ್ರವೂ ಅಲ್ಲಿ ತೂಗಿದ್ದನ್ನು ಯಾರೂ ಕಂಡಿಲ್ಲ.

ಕೂಲಿ ಪಡೆದವರು ಅಮಾನತ್ತನ್ನು ಕಾಪಾಡಿದರು. ಕೂಲಿ ಪಡೆಯದವನು, ಅದೂ ಒಡಹುಟ್ಟಿದವನು, ಅದನ್ನು ಕಳೆದುಕೊಂಡನು. ಹಾಗಾದರೆ ಹವ್ಯಾಸಿ ಮತ್ತು ವೃತ್ತಿಪರ ಎಂಬ ವ್ಯತ್ಯಾಸವನ್ನು ಹಣದಿಂದ ಅಳೆಯುವ ನಮ್ಮ ಅಳತೆಗೋಲಿನಲ್ಲಿಯೇ ಏನೋ ದೋಷವಿದೆ ಎಂದಾಯಿತು.

ಫೋಟೋ ತೆಗೆಯುವುದೇ ಸರಿಯೇ ಎಂಬ ಮೂಲ ಪ್ರಶ್ನೆಯಲ್ಲಿ ವಿದ್ವಾಂಸರ ನಡುವೆ ಅಭಿಪ್ರಾಯ ಭೇದವಿರುವುದು ಓದುಗರಿಗೆ ತಿಳಿದೇ ಇದೆ. ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್‌ರು ಕಳೆದ ಶತಮಾನದ ಆರಂಭದ ದಶಕಗಳಲ್ಲಿಯೇ, ಕ್ಯಾಮರಾ ಹೊಸದಾಗಿ ಏನನ್ನೂ ಸೃಷ್ಟಿಸದೆ ಇರುವ ನೆರಳನ್ನು ಹಿಡಿದಿಡುವುದಷ್ಟೇ ಎಂಬ ಕಾರಣದಿಂದ ಅದಕ್ಕೆ ಅನುಮತಿ ನೀಡಿದರು. ನಮ್ಮ ಉಪಖಂಡದ ಮುಫ್ತಿ ಮುಹಮ್ಮದ್ ಶಫೀಯವರಂಥ ಹಿರಿಯ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಆ ಚರ್ಚೆ ಈ ಲೇಖನದ ವಸ್ತುವಲ್ಲ. ಅನುಮತಿ ಇದೆ ಎಂದು ನಂಬಿ ಕ್ಯಾಮರಾ ಹಿಡಿದವನ ಹೊಣೆ ಏನು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಕೂಲಿ ಕಳಂಕವಲ್ಲ

ಇಂಗ್ಲಿಷಿನಲ್ಲಿ ಹವ್ಯಾಸಿಗೆ ಅಮೆಚೂರ್ ಎನ್ನುತ್ತಾರೆ. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ಪ್ರೀತಿಸುವವನು ಎಂದರ್ಥ. ವೃತ್ತಿಪರನಿಗೆ ಪ್ರೊಫೆಶನಲ್ ಎನ್ನುತ್ತಾರೆ. ಅದರ ಮೂಲ ಪದಕ್ಕೆ ಬಹಿರಂಗವಾಗಿ ಘೋಷಿಸುವುದು, ಪ್ರತಿಜ್ಞೆ ಮಾಡುವುದು ಎಂಬ ಅರ್ಥವಿದೆ. ಒಬ್ಬನು ಪ್ರೀತಿಯಿಂದ ಮಾಡುವವನು, ಇನ್ನೊಬ್ಬನು ಮಾತು ಕೊಟ್ಟು ಮಾಡುವವನು. ಪ್ರೀತಿ ಮೇಲು, ಹಣ ಕೀಳು ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದರಿಂದ ಹವ್ಯಾಸಿಯನ್ನು ನಾವು ಮೊದಲೇ ನಿರ್ದೋಷಿಯೆಂದು ಬಿಟ್ಟುಬಿಡುತ್ತೇವೆ.

ಇಸ್ಲಾಮ್ ದುಡಿಮೆಯ ಕೂಲಿಯನ್ನು ಎಂದೂ ಕೀಳಾಗಿ ಕಂಡಿಲ್ಲ. ಪ್ರವಾದಿ ಮುಹಮ್ಮದ್(ಸ)ರವರು ಕೆಲವು ಕೀರಾತ್‌ಗಳ ಕೂಲಿಗೆ ಮಕ್ಕಾದವರ ಕುರಿಗಳನ್ನು ಮೇಯಿಸಿದ್ದುದಾಗಿ ಸ್ವತಃ ಹೇಳಿರುವುದು ಬುಖಾರಿಯಲ್ಲಿದೆ. ಹ. ಮೂಸಾ(ಅ)ರವರು ಮದ್‌ಯನ್‌ನಲ್ಲಿ ಎಂಟು ಅಥವಾ ಹತ್ತು ವರ್ಷಗಳ ಕರಾರಿನ ಮೇಲೆ ದುಡಿದರು. ಅವರನ್ನು ಕೆಲಸಕ್ಕಿಟ್ಟುಕೊಳ್ಳಿರೆಂದು ಆ ವೃದ್ಧರ ಮಗಳು ತಂದೆಗೆ ಸೂಚಿಸಿದಾಗ ಎರಡು ಗುಣಗಳನ್ನು ಹೇಳಿದಳು: ಕೆಲಸಕ್ಕೆ ಇಟ್ಟುಕೊಳ್ಳಲು ಉತ್ತಮನಾದವನು ಶಕ್ತನೂ ವಿಶ್ವಾಸಾರ್ಹನೂ ಆಗಿರಬೇಕು (ಪವಿತ್ರ ಕುರ್‌ಆನ್ 28:26). ಶಕ್ತಿಯೆಂದರೆ ಆ ಕೆಲಸದ ಸಾಮರ್ಥ್ಯ. ವಿಶ್ವಾಸಾರ್ಹತೆಯೆಂದರೆ ಅಮಾನತ್ತು.

ಈ ಎರಡು ಗುಣಗಳೇ ನಮ್ಮ ಪ್ರಶ್ನೆಗೂ ನಿಜವಾದ ತಕ್ಕಡಿ. ವೃತ್ತಿಪರನಿಗೆ ಅವನ ವೃತ್ತಿಯೇ ಸ್ವಲ್ಪ ಮಟ್ಟಿಗೆ ಅಮಾನತ್ತನ್ನು ಕಲಿಸುತ್ತದೆ. ಫ್ಯಾಶನ್ ಫೋಟೋಗ್ರಫಿಯಲ್ಲಿ ಮಾಡೆಲ್ ಆಗಿ ನಿಲ್ಲುವವಳಿಗೆ ತಾನು ಯಾವುದಕ್ಕೆ ನಿಲ್ಲುತ್ತಿದ್ದೇನೆಂದು ತಿಳಿದಿರುತ್ತದೆ. ಆಕೆ ಪ್ರಾಯಕ್ಕೆ ಬಂದವಳು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾಳೆ, ಸಂಭಾವನೆ ಪಡೆಯುತ್ತಾಳೆ, ಚಿತ್ರ ಎಲ್ಲೆಲ್ಲಿ ಬಳಕೆಯಾಗುತ್ತದೆಂಬುದು ಕರಾರಿನಲ್ಲಿರುತ್ತದೆ. ಆ ಉದ್ಯಮದಲ್ಲಿ ಮೈತೋರಿಕೆಯನ್ನೇ ಸರಕಾಗಿ ಮಾಡುವುದನ್ನು ಇಸ್ಲಾಮ್ ಒಪ್ಪಲಾರದು, ಅದು ಬೇರೆ ಮಾತು. ಆದರೆ ಅನುಮತಿ ಕೇಳುವ ಶಿಸ್ತು ಅಲ್ಲಿ ಇದೆ. ಹವ್ಯಾಸಿಯ ಮುಂದೆ ನಿಲ್ಲುವವಳೋ ಅವನ ತಂಗಿ, ಮಾವನ ಮಗಳು, ಸಹಪಾಠಿ. ಆಕೆಗೆ ಕರಾರಿಲ್ಲ, ಸಂಭಾವನೆಯಿಲ್ಲ. ‘ಬೇಡ’ ಎನ್ನಲು ದಾಕ್ಷಿಣ್ಯವೂ ಬಿಡುವುದಿಲ್ಲ.

ವೃತ್ತಿಪರರನ್ನು ಹೊಗಳಿ ಮುಗಿಸುವುದು ನನ್ನ ಉದ್ದೇಶವಲ್ಲ. ಅವರ ಕೆಡುಕು ಅವರಿಗಿದೆ. ಪ್ರವಾದಿ(ಸ)ರವರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ರಾಶಿಯ ಒಳಗೆ ಒದ್ದೆಯಿತ್ತು. ಮಳೆ ಬಿದ್ದಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಇಡಬಾರದಿತ್ತೇ ಎಂದು ಕೇಳಿ, ಮೋಸ ಮಾಡುವವನು ತನ್ನವನಲ್ಲವೆಂದು ಎಚ್ಚರಿಸಿದರು (ಮುಸ್ಲಿಮ್). ಬಟ್ಟೆಯ ಬಣ್ಣವನ್ನು ಗಾಢಗೊಳಿಸಿ, ತೊಟ್ಟವಳ ಸೊಂಟವನ್ನು ಕಿರಿದುಗೊಳಿಸಿ, ಚರ್ಮದ ಕಲೆಗಳನ್ನು ಅಳಿಸಿ ಮಾರಾಟಕ್ಕಿಡುವ ಫ್ಯಾಶನ್ ಚಿತ್ರವೂ ಒಳಗೆ ಒದ್ದೆಯಿರುವ ಧಾನ್ಯದ ರಾಶಿಯೇ. ಅದನ್ನು ನೋಡಿ ಬಟ್ಟೆ ಕೊಂಡವಳು ಹಣ ಕಳೆದುಕೊಂಡಾಳು. ಅದನ್ನು ನೋಡಿ ತನ್ನ ದೇಹವನ್ನೇ ಹೀಗಳೆಯುವ ಹದಿನೈದರ ಹುಡುಗಿ ಕಳೆದುಕೊಳ್ಳುವುದು ಇನ್ನೂ ಹೆಚ್ಚು.

ಈ ಮೋಸವನ್ನು ಇತರ ದೇಶಗಳೂ ಗುರುತಿಸಿವೆ. ಮಾಡೆಲ್‌ನ ದೇಹವನ್ನು ತೆಳ್ಳಗೆ ಅಥವಾ ದಪ್ಪಗೆ ಕಾಣುವಂತೆ ತಿದ್ದಿದ ಜಾಹೀರಾತಿನ ಚಿತ್ರಗಳ ಮೇಲೆ ‘ತಿದ್ದಿದ ಚಿತ್ರ’ ಎಂದು ಬರೆಯಬೇಕೆಂಬ ನಿಯಮ ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ನಾರ್ವೆಯಲ್ಲಿ ಅಂಥದೇ ಕಾನೂನು 2022ರ ಜುಲೈಯಿಂದ ಜಾರಿಯಾಯಿತು. ಹಣ ಪಡೆದು ಸಾಮಾಜಿಕ ಜಾಲತಾಣಗಳಲ್ಲಿ ಚಿತ್ರ ಹಾಕುವವರಿಗೂ ಅದು ಅನ್ವಯಿಸುತ್ತದೆ.

‘ಹಣ ಪಡೆದು’ ಎಂಬ ಮಾತನ್ನು ಓದುಗರು ಗಮನಿಸಬೇಕು. ಲೋಕದ ಕಾನೂನು ಹಣ ಕೈ ಬದಲಾದಲ್ಲಿ ಎಚ್ಚರಗೊಳ್ಳುತ್ತದೆ. ಹಣವಿಲ್ಲದೆ ಮಾಡಿದರೆ ಬಹಳ ಮಟ್ಟಿಗೆ ಸುಮ್ಮನಿರುತ್ತದೆ. ನಮ್ಮ ದೇಶದಲ್ಲಿ 2023ರಲ್ಲಿ ಅಂಗೀಕಾರವಾದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ಕೂಡ, ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕಾಗಿ ಮಾಡುವುದನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮನೆಮನೆಯ ಆಲ್ಬಮ್‌ನೊಳಗೆ ಸರಕಾರ ಇಣುಕುವಂತಾಗಬಾರದು, ಆದ್ದರಿಂದ ಈ ವಿನಾಯಿತಿಗೆ ಅರ್ಥವಿದೆ. ಆದರೆ ಕಾನೂನು ಎಲ್ಲಿ ನಿಲ್ಲುತ್ತದೋ ಅಲ್ಲಿಯೇ ಹೊಣೆಯೂ ನಿಲ್ಲುತ್ತದೆಂದು ಭಾವಿಸುವುದು ಸತ್ಯವಿಶ್ವಾಸಿಗೆ ಸಲ್ಲದು. ಅಣುವಿನಷ್ಟು ಒಳಿತನ್ನೂ ಅಣುವಿನಷ್ಟು ಕೆಡುಕನ್ನೂ ಮನುಷ್ಯ ಕಾಣಲಿರುವನೆಂದು ಅಲ್ಲಾಹನು ತಿಳಿಸಿದ್ದಾನೆ (99:7-8). ಅಲ್ಲಿ ಹವ್ಯಾಸಿಗೆಂದು ಬೇರೆ ಪುಸ್ತಕವಿಲ್ಲ.

ಹವ್ಯಾಸಿಯ ಕೂಲಿ

ಇನ್ನು, ಹವ್ಯಾಸಿ ನಿಜವಾಗಿಯೂ ಕೂಲಿ ಪಡೆಯುವುದಿಲ್ಲವೇ?

ಚಿತ್ರ ಹಂಚಿಕೊಳ್ಳುವ ತಾಣಗಳಲ್ಲಿ ಫ್ಲಿಕರ್ 2004ರಲ್ಲಿ ಆರಂಭವಾಯಿತು. ಇನ್‌ಸ್ಟಾಗ್ರಾಮ್ 2010ರ ಅಕ್ಟೋಬರ್‌ನಲ್ಲಿ ಬಂತು. ಚಿತ್ರದ ಕೆಳಗೆ ಮೆಚ್ಚುಗೆಯ ಎಣಿಕೆ ಇಡುವುದು ಇಂಥ ತಾಣಗಳ ಮುಖ್ಯ ಲಕ್ಷಣ. ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ಮೆಚ್ಚಿದರು, ಎಷ್ಟು ಮಂದಿ ಹೊಗಳಿ ಬರೆದರು ಎಂಬುದು ಅಂಕೆಯಲ್ಲಿ ಕಾಣುತ್ತದೆ. ಸಂಜೆ ಹಾಕಿದ ಚಿತ್ರಕ್ಕೆ ಬೆಳಿಗ್ಗೆಯೊಳಗೆ ಎಷ್ಟಾಯಿತೆಂದು ಫಜ್ರ್‌ಗೆ ಎದ್ದವನು ವುಝೂ ಮಾಡುವ ಮುಂಚೆ ನೋಡುತ್ತಾನೆ. ಇದು ಕೂಲಿಯಲ್ಲದೆ ಮತ್ತೇನು?

ಹಣದ ಕೂಲಿಗೆ ಒಂದು ಮಿತಿಯಿದೆ. ಮಾತಾಡಿಕೊಂಡಷ್ಟು ಕೊಟ್ಟರೆ ಮುಗಿಯಿತು. ಹೊಗಳಿಕೆಯ ಕೂಲಿಗೆ ಮಿತಿಯಿಲ್ಲ. ನಿನ್ನೆಯ ಚಿತ್ರಕ್ಕೆ ಬಂದಷ್ಟು ಇಂದಿನದಕ್ಕೆ ಬರದಿದ್ದರೆ ಮನಸ್ಸು ಕುಂದುತ್ತದೆ. ಯಾವುದಕ್ಕೆ ಹೆಚ್ಚು ಬಂತೆಂದು ನೋಡಿದರೆ, ಹೂವಿನ ಚಿತ್ರಕ್ಕಿಂತ ಮುಖದ ಚಿತ್ರಕ್ಕೆ, ಗಂಡಿನ ಮುಖಕ್ಕಿಂತ ಹೆಣ್ಣಿನ ಮುಖಕ್ಕೆ, ಮುಚ್ಚಿದ್ದಕ್ಕಿಂತ ತೆರೆದದ್ದಕ್ಕೆ. ಹೀಗೆ ಒಂದೊಂದೇ ಹೆಜ್ಜೆಯಾಗಿ ಹೊಗಳಿಕೆಯೇ ಕ್ಯಾಮರಾವನ್ನು ಎತ್ತ ತಿರುಗಿಸಬೇಕೆಂದು ಹೇಳಿಕೊಡತೊಡಗುತ್ತದೆ. ಬಟ್ಟೆಯ ಅಂದವನ್ನು ಪ್ರೀತಿಸಿ ಆರಂಭಿಸಿದವನು ತಾನು ಯಾರ ಆಳಾಗಿ ದುಡಿಯುತ್ತಿದ್ದೇನೆಂದು ತಿಳಿಯದೆಯೇ ದುಡಿಯುತ್ತಾನೆ.

ಹ. ಅಬೂ ಹುರೈರಾ(ರ)ರಿಂದ ವರದಿಯಾಗಿ ಮುಸ್ಲಿಮ್‌ನಲ್ಲಿ ದಾಖಲಾಗಿರುವ ಒಂದು ಹದೀಸ್ ನೆನೆದರೆ ಮೈ ನಡುಗುತ್ತದೆ. ಅಂತ್ಯದಿನದಲ್ಲಿ ಮೊದಲು ವಿಚಾರಣೆಗೊಳಗಾಗುವವರಲ್ಲಿ ಹೋರಾಡಿ ಮಡಿದವನು, ವಿದ್ಯೆ ಕಲಿತು ಕಲಿಸಿ ಕುರ್‌ಆನ್ ಓದಿದವನು, ಧಾರಾಳವಾಗಿ ದಾನ ಮಾಡಿದವನು ಇರುತ್ತಾರೆ. ಮೂವರೂ ಅದನ್ನೆಲ್ಲ ಅಲ್ಲಾಹನಿಗಾಗಿ ಮಾಡಿದೆವೆನ್ನುತ್ತಾರೆ. ಜನರು ಧೀರನೆನ್ನಲಿ, ವಿದ್ವಾಂಸನೆನ್ನಲಿ, ದಾನಿಯೆನ್ನಲಿ ಎಂದು ಮಾಡಿದಿರಿ, ಜನರು ಹಾಗೆ ಅಂದದ್ದೂ ಆಯಿತು ಎಂಬ ಉತ್ತರ ಅವರಿಗೆ ದೊರೆಯುತ್ತದೆ. ಕೂಲಿ ಸಂದಾಯವಾಗಿದೆ, ಬಾಕಿ ಏನೂ ಉಳಿದಿಲ್ಲ ಎಂಬುದೇ ಇದರ ಸಾರ. ಪ್ರಾಣ ಕೊಟ್ಟವನ ಸ್ಥಿತಿಯೇ ಹೀಗಾದರೆ, ತಂಗಿಯ ನಗುವನ್ನು ಕೊಟ್ಟು ಹೊಗಳಿಕೆ ಕೊಂಡವನು ‘ನಾನು ದುಡ್ಡು ಪಡೆದಿಲ್ಲ’ ಎಂದು ಹೇಳಿ ಪಾರಾಗಬಲ್ಲನೇ?

ಇದನ್ನು ಬರೆಯುವಾಗ ನನ್ನ ಕಡೆಗೂ ಬೆರಳು ತಿರುಗುತ್ತದೆ. ಲೇಖನಕ್ಕೆ ಬರುವ ಮೆಚ್ಚುಗೆಯ ಪತ್ರವೂ ಕೂಲಿಯೇ. ಸಂಕಲ್ಪವನ್ನು ಅಲ್ಲಾಹನೊಬ್ಬನೇ ಬಲ್ಲನು.

ಹವ್ಯಾಸಕ್ಕೆ ಒಂದು ಹಿರಿಮೆಯಿದೆ

ಹಾಗೆಂದು ಹವ್ಯಾಸವೇ ಕೆಟ್ಟದ್ದೆಂದಾಗಲೀ ಅಂದಚಂದದ ಉಡುಪು ಪಾಪವೆಂದಾಗಲೀ ನಾನು ಹೇಳುತ್ತಿಲ್ಲ. ಅಲ್ಲಾಹನು ತನ್ನ ದಾಸರಿಗಾಗಿ ಹೊರತಂದ ಅಲಂಕಾರವನ್ನು ನಿಷೇಧಿಸಿದವರು ಯಾರೆಂದು ಪವಿತ್ರ ಕುರ್‌ಆನ್ ಕೇಳುತ್ತದೆ (7:32). ಉಡುಪು ಮಾನ ಮುಚ್ಚುವುದಕ್ಕೂ ಅಲಂಕಾರಕ್ಕೂ ಎಂದು ಹೇಳಿ, ದೇವಭಯದ ಉಡುಪೇ ಅತ್ಯುತ್ತಮವೆಂದು ನೆನಪಿಸುತ್ತದೆ (7:26). ತನ್ನ ಬಟ್ಟೆಯೂ ಪಾದರಕ್ಷೆಯೂ ಚೆನ್ನಾಗಿರಬೇಕೆಂದು ಬಯಸುವುದು ಅಹಂಕಾರವೇ ಎಂದು ಕೇಳಿದವರಿಗೆ ಪ್ರವಾದಿ(ಸ)ರವರು, ಅಲ್ಲಾಹನು ಸುಂದರನು, ಸೌಂದರ್ಯವನ್ನು ಪ್ರೀತಿಸುತ್ತಾನೆ, ಸತ್ಯವನ್ನು ತಿರಸ್ಕರಿಸುವುದೂ ಜನರನ್ನು ಕೀಳಾಗಿ ಕಾಣುವುದೂ ಅಹಂಕಾರ ಎಂಬ ಅರ್ಥದ ಉತ್ತರ ಕೊಟ್ಟರು (ಮುಸ್ಲಿಮ್).

ಹವ್ಯಾಸಿಯ ಹಿರಿಮೆ ಏನೆಂದು ತಿಳಿಯಲು ನಮ್ಮ ಸೀಮೆಯಲ್ಲೇ ಉದಾಹರಣೆಯಿದೆ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು (1938-2007) ಹಕ್ಕಿಗಳ ಚಿತ್ರ ತೆಗೆಯುವುದರಲ್ಲಿ ವರ್ಷಗಳನ್ನೇ ಕಳೆದರು. ಅವರ ಜೀವನೋಪಾಯ ಕ್ಯಾಮರಾ ಆಗಿರಲಿಲ್ಲ. ಹಕ್ಕಿಯ ಚಿತ್ರ ತೆಗೆಯುವವನು ಕಾಯಬೇಕು. ಹಕ್ಕಿ ಬರದಿದ್ದರೆ ಬರಿಗೈಯಲ್ಲಿ ಮನೆಗೆ ಹೋಗಬೇಕು. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳೂ ಹವ್ಯಾಸಿಗಳಿಗೆ ಈ ಕಲೆಯನ್ನು ಕಲಿಸುತ್ತ ಬಂದಿವೆ. ಅಂಥ ಕಡೆ ಒಂದು ಚಿತ್ರವನ್ನು ಬಲ್ಲವರ ಮುಂದಿಟ್ಟು ತಪ್ಪು ಕೇಳಿಸಿಕೊಳ್ಳುವ ಅವಕಾಶವಿದೆ.

ಬೆಳಗಿನಿಂದ ಕಾದವನು ಬರಿಗೈಯಲ್ಲಿ ಹಿಂದಿರುಗಬಲ್ಲನೆಂಬುದೇ ಇಲ್ಲಿ ಮುಖ್ಯ. ವೃತ್ತಿಪರನು ಮುಂಗಡ ಪಡೆದಿರುತ್ತಾನೆ, ಅವನು ಚಿತ್ರ ತಂದೇ ಕೊಡಬೇಕು. ಹವ್ಯಾಸಿಗೆ ಯಾರ ಹಂಗೂ ಇಲ್ಲ. ಕಣ್ಣ ಮುಂದೆ ಅಪೂರ್ವವಾದ ನೋಟವಿದ್ದರೂ, ‘ಇದು ನನ್ನದಲ್ಲ, ಇವಳು ಒಪ್ಪಿಲ್ಲ’ ಎಂದು ಕ್ಯಾಮರಾ ಇಳಿಸುವ ಸ್ವಾತಂತ್ರ್ಯ ಅವನಿಗೆ ವೃತ್ತಿಪರನಿಗಿಂತ ಹೆಚ್ಚಿದೆ. ಈ ಸ್ವಾತಂತ್ರ್ಯವನ್ನು ಬಳಸಿದರೆ ಅವನ ಪ್ರೀತಿ ನಿಜವಾದ ಪ್ರೀತಿ. ಬಳಸದಿದ್ದರೆ ಅವನಲ್ಲಿ ಹವ್ಯಾಸಿಯ ಪ್ರೀತಿಯೂ ಇಲ್ಲ, ವೃತ್ತಿಪರನ ಮಾತಿನ ಕಟ್ಟೂ ಇಲ್ಲ.

ಹತ್ತಿರದವರಿಗೂ ಅನುಮತಿ ಬೇಕು

‘ನನ್ನ ಸ್ವಂತ ತಂಗಿ, ಯಾರನ್ನು ಕೇಳಬೇಕು?’ ಎಂಬ ಆ ಯುವಕನ ಮಾತಿಗೆ ಬರೋಣ. ಸೂರಃ ಅನ್ನೂರ್‌ನಲ್ಲಿ ಪರರ ಮನೆಗೆ ಅನುಮತಿಯಿಲ್ಲದೆ ಹೋಗಬಾರದೆಂಬ ಆಜ್ಞೆ ಇರುವಂತೆಯೇ (24:27), ಒಂದೇ ಮನೆಯೊಳಗಿನ ಮಕ್ಕಳೂ ವಿಶ್ರಾಂತಿಯ ಮೂರು ವೇಳೆಗಳಲ್ಲಿ ಅನುಮತಿ ಕೇಳಿಯೇ ಒಳಬರಬೇಕು, ಪ್ರಾಯಕ್ಕೆ ಬಂದ ಮೇಲೆ ಸದಾ ಕೇಳಬೇಕು ಎಂಬ ಆಜ್ಞೆಯೂ ಇದೆ (24:58-59). ತಾಯಿಯಿರುವಲ್ಲಿಗೆ ಹೋಗುವಾಗಲೂ ಅನುಮತಿ ಕೇಳಬೇಕೇ ಎಂದು ಒಬ್ಬರು ಪ್ರವಾದಿ(ಸ)ರವರನ್ನು ವಿಚಾರಿಸಿದಾಗ ಹೌದೆಂದ ವರದಿ ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ತಾಯಿಯ ಕೋಣೆಯ ಬಾಗಿಲಿಗೇ ಅನುಮತಿ ಬೇಕಾದರೆ, ತಂಗಿಯ ಮುಖವನ್ನು ಲೋಕದ ಬಾಗಿಲಿಗೆ ಕೊಂಡೊಯ್ಯಲು ಬೇಡವೇ?

ಒಬ್ಬನು ಏನನ್ನಾದರೂ ಹೇಳುತ್ತಾ ಸುತ್ತಮುತ್ತ ತಿರುಗಿ ನೋಡಿದರೆ ಆ ಮಾತು ಅಮಾನತ್ತು ಎಂಬ ಅರ್ಥದ ಹದೀಸೊಂದು ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಗುಟ್ಟೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ತಿರುಗಿ ನೋಡಿದ್ದೇ ಸಾಕು. ಮದರಂಗಿ ರಾತ್ರಿಯಲ್ಲಿ ಹೊರಗಿನವರು ಯಾರೂ ಇಲ್ಲವೆಂದು ಸುತ್ತ ನೋಡಿ ತಲೆಯ ಸೆರಗು ಸಡಿಲಿಸಿ ನಕ್ಕ ಹುಡುಗಿಯ ನಗುವೂ ಅಂಥದೇ ಅಮಾನತ್ತು. ಅವಳು ಅಣ್ಣನ ಕರೆಗೆ ನಕ್ಕಳು. ಲೋಕಕ್ಕಾಗಿ ನಗಲಿಲ್ಲ.

ಒಮ್ಮೆ ಹೊರಗೆ ಹೋದ ಚಿತ್ರ ಏನಾಗಬಹುದೆಂಬುದನ್ನು ನಮ್ಮ ಸಮುದಾಯ ಕಣ್ಣಾರೆ ಕಂಡಿದೆ. 2021ರ ಜುಲೈಯಲ್ಲಿ ಒಮ್ಮೆ, 2022ರ ಜನವರಿ 1ರಂದು ಇನ್ನೊಮ್ಮೆ, ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಅವರ ಪುಟಗಳಿಂದ ಕದ್ದು, ಹರಾಜಿಗಿಟ್ಟಿರುವಂತೆ ತೋರಿಸುವ ಆ್ಯಪ್‌ಗಳು ಪ್ರತ್ಯಕ್ಷವಾದವು. ಅವುಗಳ ಹೆಸರು ಈ ಪುಟದಲ್ಲಿ ಬರೆಯಲು ಯೋಗ್ಯವಲ್ಲ. ನಿಜವಾದ ಮಾರಾಟವೇನೂ ಅಲ್ಲಿರಲಿಲ್ಲ, ಅವಮಾನಿಸುವುದೇ ಉದ್ದೇಶವಾಗಿತ್ತು. ಪತ್ರಕರ್ತೆಯರು, ವಕೀಲೆಯರು, ವಿದ್ಯಾರ್ಥಿನಿಯರು ಅದಕ್ಕೆ ಗುರಿಯಾದರು. ಎರಡನೆಯ ಪ್ರಕರಣದಲ್ಲಿ ಬಂಧಿಸಲ್ಪಟ್ಟವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನೂ ಇದ್ದನು.

ಈ ಘಟನೆಯನ್ನು ಹೇಳಿ ‘ಚಿತ್ರ ಹಾಕಿದ್ದೇ ತಪ್ಪು’ ಎಂದು ಆ ಸಹೋದರಿಯರನ್ನೇ ದೂರುವುದು ಅನ್ಯಾಯ. ಕದ್ದವನು ಕಳ್ಳ, ಕಳವಾದವರು ಕಳ್ಳರಲ್ಲ. ತನ್ನ ಚಿತ್ರವನ್ನು ತಾನೇ ಹಾಕಿದವಳು ತನ್ನ ಸಂಕಲ್ಪಕ್ಕೆ ಅಲ್ಲಾಹನ ಮುಂದೆ ಉತ್ತರಿಸುವಳು. ಆದರೆ ಇನ್ನೊಬ್ಬರ ಚಿತ್ರವನ್ನು ಕೇಳದೆ ಹಾಕಿದವನು ಇಂಥ ಕಳ್ಳರಿರುವ ಸಂತೆಯಲ್ಲಿ ತನ್ನದಲ್ಲದ ಒಡವೆಯನ್ನು ಹರವಿಟ್ಟಂತೆ. ಕಳವಾದ ಬಳಿಕ ‘ನಾನು ಪ್ರೀತಿಯಿಂದ ಇಟ್ಟೆ’ ಎಂದರೆ ಒಡವೆ ಹಿಂದೆ ಬರುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ತೋಟಗಳಲ್ಲಿ ಕಾಫಿ ಕೊಯ್ಯುವ ಹೆಂಗಸರನ್ನು, ಲೈನ್ ಮನೆಗಳ ಮುಂದೆ ಆಡುವ ಮಕ್ಕಳನ್ನು, ಹೊಸ ಉಡುಪು ತೊಟ್ಟವರ ಹಿಂದೆ ಅಲಂಕಾರಕ್ಕೆಂದು ನಿಲ್ಲಿಸಿ ಚಿತ್ರ ತೆಗೆಯುವುದನ್ನು ಕಂಡಿದ್ದೇನೆ. ವೃತ್ತಿಪರರೂ ತೆಗೆಯುತ್ತಾರೆ, ಹವ್ಯಾಸಿಗಳೂ ತೆಗೆಯುತ್ತಾರೆ. ಮುಂದೆ ನಿಂತ ಮಾಡೆಲ್‌ಗೆ ಸಂಭಾವನೆ, ಹಿಂದೆ ಹರಕು ಅಂಗಿಯಲ್ಲಿ ನಿಂತವಳಿಗೆ ಏನೂ ಇಲ್ಲ. ಅವಳ ಬಡತನವೇ ಆ ಉಡುಪಿನ ಬೆಲೆಯನ್ನು ಎತ್ತಿ ತೋರಿಸುತ್ತದೆ. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿಸಿದ ಧರ್ಮದವರು ನಾವು. ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂಬ ಪ್ರವಾದಿ ವಚನದ ಅರ್ಥ ಇಲ್ಲಿ ಬಹಳ ಸ್ಪಷ್ಟವಾಗಿದೆ.

ಮಾಡಬೇಕಾದದ್ದು

ಹಾಗಾದರೆ ಆ ಯುವಕನಿಗೆ ನಾನು ಹೇಳಬೇಕಾಗಿದ್ದ ಉತ್ತರ ಯಾವುದು? ಹಣ ಪಡೆದೆಯೋ ಇಲ್ಲವೋ ಎಂದು ಕೇಳಿಕೊಳ್ಳುವ ಮೊದಲು ಈ ಕೆಲಸಕ್ಕೆ ನನಗೆ ಸಾಮರ್ಥ್ಯವಿದೆಯೇ, ಅಮಾನತ್ತಿದೆಯೇ ಎಂದು ಕೇಳಿಕೋ. ಚಿತ್ರ ತೆಗೆಯುವ ಮುಂಚೆ ಕೇಳು. ಹಂಚುವ ಮುಂಚೆ ಮತ್ತೊಮ್ಮೆ ಕೇಳು, ಏಕೆಂದರೆ ತೆಗೆಯಲು ಕೊಟ್ಟ ಒಪ್ಪಿಗೆ ಹಂಚಲು ಕೊಟ್ಟ ಒಪ್ಪಿಗೆಯಲ್ಲ. ಹೆಣ್ಣುಮಗಳನ್ನು ಅವಳ ಅಣ್ಣನ ಮೂಲಕವೋ ಗಂಡನ ಮೂಲಕವೋ ಕೇಳಿ ಸುಮ್ಮನಾಗಬೇಡ, ಅವಳದೇ ಮನಸ್ಸು ತಿಳಿದುಕೋ. ಅವಳು ಒಪ್ಪಿದರೂ ದೃಷ್ಟಿ ತಗ್ಗಿಸುವ ಮತ್ತು ಮಾನ ಕಾಯುವ ಅಲ್ಲಾಹನ ಆಜ್ಞೆ (24:30-31) ಹಾಗೆಯೇ ಉಳಿದಿರುತ್ತದೆ. ಮಕ್ಕಳು ಒಪ್ಪಿಗೆ ಕೊಡಲಾರರು, ಆದ್ದರಿಂದ ಅವರ ವಿಷಯದಲ್ಲಿ ಇನ್ನೂ ಹೆಚ್ಚು ಜಾಗರೂಕನಾಗಿರು. ತೆಗೆದುಹಾಕು ಎಂದು ಯಾರಾದರೂ ಹೇಳಿದರೆ ಕಾರಣ ಕೇಳದೆ ತೆಗೆದುಹಾಕು. ಮಾರಾಟದ ಬಟ್ಟೆಯನ್ನು ತೋರಿಸುವುದಾದರೆ ಇದ್ದ ಬಣ್ಣವನ್ನೇ ತೋರಿಸು. ಕೊನೆಯದಾಗಿ, ಹೊಗಳಿಕೆಯ ಎಣಿಕೆಯನ್ನು ನೋಡದೆ ಒಂದು ತಿಂಗಳು ಚಿತ್ರ ತೆಗೆದು ನೋಡು. ಅಷ್ಟಾದ ಮೇಲೂ ಕ್ಯಾಮರಾ ಹಿಡಿಯಬೇಕೆನಿಸಿದರೆ ನೀನು ಹವ್ಯಾಸಿ.

ತಂದೆ ತಾಯಂದಿರಿಗೂ ಒಂದು ಮಾತು. ಮಗಳ ಚಿತ್ರ ಹೊರಗೆ ಹೋಯಿತೆಂದು ಮಗಳ ಕಾಲೇಜು ಬಿಡಿಸುವ ಮನೆಗಳಿವೆ. ಹಂಚಿದ ಮಗನನ್ನು ಕೇಳುವ ಮನೆಗಳು ಕಡಿಮೆ. ತಪ್ಪು ಮಾಡಿದವನನ್ನು ಬಿಟ್ಟು ನೊಂದವಳನ್ನು ದಂಡಿಸುವುದು ಇಸ್ಲಾಮಿನ ನ್ಯಾಯವಲ್ಲ.

ಆ ಯುವಕನನ್ನು ಕರೆದು, ಅಂದು ನಾನು ಕೊಟ್ಟ ಉತ್ತರ ತಪ್ಪೆಂದು ಮೊದಲು ಒಪ್ಪಿಕೊಂಡೆ. ಅವನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತ. ಅನಂತರ ತನ್ನ ಪುಟದಿಂದ ಆ ಚಿತ್ರವನ್ನು ತೆಗೆದ. ಅಂಗಡಿಯವರಿಗೆ ಬರೆದು ಅಲ್ಲಿಂದಲೂ ತೆಗೆಸಿದ. ಬೇರೆ ಕಡೆಗೆ ಹೋದದ್ದನ್ನು ತೆಗೆಸಲು ಅವನಿಂದ ಆಗಲಿಲ್ಲ, ಯಾರಿಂದಲೂ ಆಗುವಂತಿಲ್ಲ. ತಂಗಿಯ ಬಳಿ ಹೋಗಿ ಕ್ಷಮೆ ಕೇಳಿದನಂತೆ. “ಅಣ್ಣಾ, ನೀನು 'ಹಾಕಲಾ?' ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು” ಎಂದಷ್ಟೇ ಅವಳು ಹೇಳಿದಳೆಂದು ತಾಯಿ ತಿಳಿಸಿದರು. ಈಗ ಅವಳು ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಅವನು ಬಿಡುವಿನ ವೇಳೆಯಲ್ಲಿ ಸ್ಟುಡಿಯೋ ಕಾಕನ ಬಳಿ ಬೆಳಕು ನೋಡುವುದನ್ನು ಕಲಿಯುತ್ತಿದ್ದಾನೆ. ಕಾಕ ಮೊದಲ ದಿನ ಅವನಿಗೆ ಕ್ಯಾಮರಾ ಮುಟ್ಟಿಸದೆ, ತಮ್ಮ ಹಳೆಯ ರಶೀದಿ ಪುಸ್ತಕವನ್ನು ತೋರಿಸಿದರಂತೆ. ಅದರಲ್ಲಿ ಪ್ರತಿ ಮದುವೆಯ ಎದುರಿಗೂ ‘ನೆಗೆಟಿವ್ ಒಪ್ಪಿಸಿದೆ’ ಎಂದು ಬರೆದು, ಪಡೆದವರ ಸಹಿ ಹಾಕಿಸಿಕೊಂಡಿದ್ದರು.

ನಾವು ಹಣಕ್ಕಾಗಿ ಮಾಡುವ ಕೆಲಸಗಳಲ್ಲಿಯೂ ಪ್ರೀತಿಗಾಗಿ ಮಾಡುವ ಕೆಲಸಗಳಲ್ಲಿಯೂ ಅಮಾನತ್ತನ್ನು ಕಾಪಾಡುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.